ವಾದಪತ್ರದ ಮೊದಲ ಸಾಲು, 1788ರ ಸಿಡ್ನಿ ಮತ್ತು ನನ್ನ ಮೇಜು

ಸಿವಿಲ್ ನ್ಯಾಯಾಲಯವೊಂದರಲ್ಲಿ ನಾನು ಶಿರಸ್ತೇದಾರ್. ಹೊಸ ದಾವೆಯನ್ನು ನ್ಯಾಯಾಧೀಶರಿಗಿಂತ ಮೊದಲು ಓದುವುದು ನಾನೇ. ನ್ಯಾಯಾಲಯ ಶುಲ್ಕ ಸಾಕಷ್ಟಿದೆಯೇ, ಪ್ರಮಾಣಪತ್ರ ಲಗತ್ತಾಗಿದೆಯೇ, ವಕಾಲತ್ತು ಸರಿಯಿದೆಯೇ ಎಂದು ಪರಿಶೀಲಿಸಿ, ಕೊರತೆ ಕಂಡರೆ ಕಚೇರಿ ಆಕ್ಷೇಪಣೆ ಬರೆಯಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 1ನೇ ನಿಯಮದಂತೆ ವಾದಪತ್ರದಲ್ಲಿ, ಅಂದರೆ ದಾವೆ ಹೂಡುವ ಅರ್ಜಿಯಲ್ಲಿ, ವಾದಿಯ ಹೆಸರು, ವಿವರ, ವಾಸಸ್ಥಳ ಇರಲೇಬೇಕು. ವಾದಿ ಯಾರೆಂದು ಹೇಳುವ ಈ ‘ವಿವರ’ದ ಸಾಲನ್ನು ಎಷ್ಟು ಎಚ್ಚರದಿಂದ ಓದಬೇಕೆಂದು ಹೊಸದಾಗಿ ಸೇರಿದ ಸಹಾಯಕರಿಗೆ ತಿಳಿಸಲು ನಾನು ಸದಾ ಹೇಳುವುದು ಆಸ್ಟ್ರೇಲಿಯಾದ ಒಂದು ಮೊಕದ್ದಮೆಯ ಕಥೆ.

1787ರ ಮೇ 13ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಹನ್ನೊಂದು ಹಡಗುಗಳು ಹೊರಟವು. ಏಳುನೂರಕ್ಕೂ ಹೆಚ್ಚು ಕೈದಿಗಳು, ಅವರನ್ನು ಕಾಯುವ ನೌಕಾಸೈನಿಕರು, ಗವರ್ನರ್ ಆರ್ಥರ್ ಫಿಲಿಪ್ ಎಲ್ಲರೂ ಎಂಟು ತಿಂಗಳ ಪ್ರಯಾಣದ ನಂತರ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ತಲುಪಿದರು. ಆದರೆ ನ್ಯಾಯಾಲಯ ಅದಕ್ಕೂ ಮೊದಲೇ ಕಾಗದದ ಮೇಲೆ ಸಿದ್ಧವಾಗಿತ್ತು. 1787ರ ಏಪ್ರಿಲ್ 2ರ ರಾಜಶಾಸನ ಅಲ್ಲಿಗೆ ಒಂದು ಸಿವಿಲ್, ಒಂದು ಕ್ರಿಮಿನಲ್ ನ್ಯಾಯಾಲಯವನ್ನು ಕೊಟ್ಟಿತ್ತು. ಕ್ರಿಮಿನಲ್ ನ್ಯಾಯಾಲಯದಲ್ಲಿ ಜ್ಯೂರಿ ಇರಲಿಲ್ಲ. ಜಡ್ಜ್ ಅಡ್ವೊಕೇಟ್ ಎಂಬ ನ್ಯಾಯಾಧಿಕಾರಿ ಮತ್ತು ಆರು ಮಂದಿ ಸೇನಾಧಿಕಾರಿಗಳೇ ವಿಚಾರಣೆ ಮಾಡಿ ತೀರ್ಮಾನಿಸುತ್ತಿದ್ದರು. ಸಿವಿಲ್ ನ್ಯಾಯಾಲಯಕ್ಕೆ ಜಡ್ಜ್ ಅಡ್ವೊಕೇಟ್ ಜೊತೆ ಇಬ್ಬರು ಯೋಗ್ಯ ವ್ಯಕ್ತಿಗಳು ಸಾಕಿತ್ತು. ಆ ಜಡ್ಜ್ ಅಡ್ವೊಕೇಟ್ ಡೇವಿಡ್ ಕೊಲಿನ್ಸ್ ನೌಕಾಸೇನೆಯ ಅಧಿಕಾರಿ, ಕಾನೂನು ಓದಿದವರಲ್ಲ. ಒಂದು ವಸಾಹತಿನ ನ್ಯಾಯಾಡಳಿತವೆಲ್ಲ ಅವರೊಬ್ಬರ ಹೆಗಲ ಮೇಲಿತ್ತು.

ಅಲ್ಲಿನ ಮೊದಲ ಸಿವಿಲ್ ದಾವೆ ಹೂಡಿದವರು ಕೈದಿ ದಂಪತಿ, ಹೆನ್ರಿ ಮತ್ತು ಸುಸಾನಾ ಕೇಬಲ್. ಇಬ್ಬರಿಗೂ ಇಂಗ್ಲೆಂಡಿನಲ್ಲಿ ಮರಣದಂಡನೆಯಾಗಿ, ಅದು ಗಡಿಪಾರಿಗೆ ಇಳಿದಿತ್ತು. ನಾರ್ವಿಚ್ ಸೆರೆಮನೆಯಲ್ಲೇ ಅವರಿಗೆ ಮಗು ಹುಟ್ಟಿತ್ತು. ಹಡಗಿಗೆ ಸಾಗಿಸುವಾಗ ಮಗುವನ್ನು ತಾಯಿಯಿಂದ ಬೇರ್ಪಡಿಸಿದರು. ಸೆರೆಮನೆಯ ಕಾವಲುಗಾರ ಆ ಮಗುವನ್ನು ಎತ್ತಿಕೊಂಡು ಲಂಡನ್ನಿಗೆ ಹೋಗಿ ಮಂತ್ರಿ ಲಾರ್ಡ್ ಸಿಡ್ನಿಯವರನ್ನೇ ಕಂಡು ಮಗುವನ್ನು ತಾಯಿಯೊಂದಿಗೆ ಸೇರಿಸುವ ಆದೇಶ ತಂದ. ಸುದ್ದಿ ಹರಡಿ ಜನ 20 ಪೌಂಡ್ ಚಂದಾ ಕೂಡಿಸಿದರು. ಆ ಹಣದ ಬಟ್ಟೆಬರೆ, ಸಾಮಾನಿನ ಗಂಟು ‘ಅಲೆಕ್ಸಾಂಡರ್’ ಹಡಗು ಹತ್ತಿತು. ಸಿಡ್ನಿ ತಲುಪಿದಾಗ ಸಿಕ್ಕಿದ್ದು ಕೆಲವು ಪುಸ್ತಕಗಳು ಮಾತ್ರ. ದಂಪತಿ ಹಡಗಿನ ಕಪ್ತಾನ ಡಂಕನ್ ಸಿಂಕ್ಲೇರ್ ಮೇಲೆ ದಾವೆ ಹೂಡಿದರು.

ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮರಣದಂಡನೆಗೆ ಗುರಿಯಾದ ಅಪರಾಧಿ ಕಾನೂನಿನ ಕಣ್ಣಿಗೆ ಸತ್ತವನೇ. ಅವನು ಆಸ್ತಿ ಹೊಂದುವಂತಿಲ್ಲ, ದಾವೆ ಹೂಡುವಂತಿಲ್ಲ. ಇಂದಿಗೂ ಉಳಿದಿರುವ, ಪ್ರತಿವಾದಿಯನ್ನು ಕರೆಸುವ ಆ ರಿಟ್‌ನಲ್ಲಿ ವಾದಿಗಳ ವಿವರ ಇರಬೇಕಾದ ಕಡೆ ‘ಈ ಸ್ಥಳದ ಹೊಸ ನೆಲೆಸಿಗರು’ ಎಂದು ಬರೆದು ಹೊಡೆದುಹಾಕಲಾಗಿದೆ. ಅದರ ಬದಲಿಗೆ ಏನನ್ನೂ ಬರೆದಿಲ್ಲ. ‘ಕೈದಿಗಳು’ ಎಂದೂ ಇಲ್ಲ. ಸುಮಾರು ಸಾವಿರ ಜನರ ವಸಾಹತಿನಲ್ಲಿ ಕೇಬಲ್ ದಂಪತಿ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. 1788ರ ಜುಲೈ ಮೊದಲ ವಾರದಲ್ಲೇ ದಾವೆ ನಡೆದು, ಕಪ್ತಾನ 15 ಪೌಂಡ್ ಕೊಡಬೇಕೆಂದು ತೀರ್ಪಾಯಿತು. ಜುಲೈ 14ರಂದು ‘ಅಲೆಕ್ಸಾಂಡರ್’ ಹೊರಟೇ ಹೋಯಿತು. ಹತ್ತು ದಿನ ತಡವಾಗಿದ್ದರೆ ಪ್ರತಿವಾದಿ ಸಮುದ್ರದ ಮೇಲಿರುತ್ತಿದ್ದ. ಪ್ರತಿವಾದಿ ಊರು ಬಿಡುವ ಭಯವಿದೆಯೆಂದು ಸಂಹಿತೆಯ 38ನೇ ಆದೇಶದ ಕೆಳಗೆ ಅರ್ಜಿ ಬಂದರೆ ಅದನ್ನು ಅಂದೇ ನ್ಯಾಯಾಧೀಶರ ಮುಂದಿಡಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ವಿವರ ಖಾಲಿ ಬಿಟ್ಟ ವಾದಪತ್ರ ಇಂದು ಬಂದರೆ ನಾನು ಖಂಡಿತ ಹಿಂದಿರುಗಿಸುತ್ತೇನೆ. ಹಾಗಾದರೆ ಈ ಕಥೆಯಿಂದ ಕಲಿಯುವುದೇನು? ವ್ಯಕ್ತಿಗೆ ದಾವೆ ಹೂಡುವ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಎತ್ತಬೇಕಾದವನು ಪ್ರತಿವಾದಿ, ತೀರ್ಮಾನಿಸಬೇಕಾದದ್ದು ಪೀಠ. ಕೌಂಟರಿನಲ್ಲಿ ಕುಳಿತವನ ಲೇಖನಿ ಅದನ್ನು ಮುಗಿಸಿಬಿಡಬಾರದು. ನನ್ನ ಆಕ್ಷೇಪಣೆ ಕಾಗದದ ಕೊರತೆಗೆ ಮಾತ್ರ ಸೀಮಿತ. ವಕೀಲರಿಲ್ಲದೆ ತಾವೇ ಬಂದು ನಿಲ್ಲುವ ಮುದುಕಿಯ ದಾವೆ ನಿಲ್ಲುವುದಿಲ್ಲವೆಂದು ನನಗೆ ಅನಿಸಿದರೂ ಅದು ನನ್ನ ಅನಿಸಿಕೆ ಮಾತ್ರ. ಕೊರತೆಗಳನ್ನೆಲ್ಲ ಒಂದೇ ಸಲ, ಅವರು ಓದಬಲ್ಲ ಕನ್ನಡದಲ್ಲಿ ಬರೆದುಕೊಡುತ್ತೇನೆ. ಕಂತಿನಲ್ಲಿ ಆಕ್ಷೇಪಣೆ ಹಾಕಿ ಜನರನ್ನು ಅಲೆದಾಡಿಸುವುದನ್ನು ಕಂಡರೆ ನನಗೆ ಸಹಿಸಲಾಗದು.

ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನೂ ಅದೇ ಸಿಡ್ನಿ ತೋರಿಸಿತು. 1814ರ ಎರಡನೇ ರಾಜಶಾಸನದಿಂದ ಬಂದ ಸುಪ್ರೀಂ ಕೋರ್ಟಿಗೆ ಜೆಫ್ರಿ ಹಾರ್ಟ್ ಬೆಂಟ್ ನ್ಯಾಯಾಧೀಶ. ಮಾಜಿ ಕೈದಿಗಳು ವಕೀಲರಾಗಿ ಹಾಜರಾಗಲು 1815ರಲ್ಲಿ ಅನುಮತಿ ಕೇಳಿದರು. ಪೀಠದ ಇತರ ಇಬ್ಬರು ಮ್ಯಾಜಿಸ್ಟ್ರೇಟರು ಒಪ್ಪಿದರು, ಗವರ್ನರ್ ಮ್ಯಾಕ್ವಾರಿಯೂ ಅವರ ಪರವಾಗಿದ್ದರು. ಬೆಂಟ್ ಒಪ್ಪಲಿಲ್ಲ, ಕಲಾಪವನ್ನೇ ನಡೆಸಲಿಲ್ಲ. 1817ರಲ್ಲಿ ಬ್ಯಾರನ್ ಫೀಲ್ಡ್ ಬರುವವರೆಗೆ 50 ಪೌಂಡಿಗೆ ಮೀರಿದ ದಾವೆಗಳು ಹಾಗೆಯೇ ಕುಳಿತವು.

ಕೈದಿಗೆ ತೆರೆದ ಆ ಬಾಗಿಲು ಆ ನೆಲದ ಮೂಲನಿವಾಸಿಗಳಿಗೆ ತೆರೆಯಲಿಲ್ಲವೆಂಬುದನ್ನು ನಾನು ಎಂದೂ ಹೇಳದೆ ಬಿಡುವುದಿಲ್ಲ. ಕ್ರೈಸ್ತ ಪ್ರಮಾಣವಚನ ಸ್ವೀಕರಿಸಲಾಗದವರ ಸಾಕ್ಷ್ಯ ನಡೆಯದು ಎಂಬ ನಿಯಮದಿಂದ ದಶಕಗಳ ಕಾಲ ಅವರ ಮಾತು ನ್ಯಾಯಾಲಯದಲ್ಲಿ ದಾಖಲಾಗಲೇ ಇಲ್ಲ. ಅವರ ಭೂಮಿಯ ಹಕ್ಕನ್ನು ಆಸ್ಟ್ರೇಲಿಯಾದ ಹೈಕೋರ್ಟ್ ಒಪ್ಪಿದ್ದು 1992ರ ಮಾಬೊ ತೀರ್ಪಿನಲ್ಲಿ.

ದಾಖಲೆ ಕೊಠಡಿಯಲ್ಲಿ ಕೆಲಸ ಮಾಡುವವರಿಗೆ ಹೇಳುವುದು ಬೇರೆಯೇ ಪ್ರಸಂಗ. 1787ರಲ್ಲಿ ಹೊರಟ ಆ ಹಡಗುಗಳಲ್ಲಿ ಕೈದಿಗಳು ಬಂದರು, ಅವರ ಶಿಕ್ಷೆಯ ದಾಖಲೆಗಳು ಇಂಗ್ಲೆಂಡಿನಲ್ಲೇ ಉಳಿದವು. ಯಾರ ಅವಧಿ ಎಂದು ಮುಗಿಯುತ್ತದೆಂದು ಗವರ್ನರಿಗೇ ಗೊತ್ತಾಗದಂತಾಯಿತು. 1789ರಲ್ಲಿ ತನ್ನ ಅವಧಿ ಮುಗಿದಿದೆಯೆಂದು ವಾದಿಸಿದ ಕೈದಿಯೊಬ್ಬನಿಗೆ ಉಪಗವರ್ನರರ ಬಗ್ಗೆ ಸುಳ್ಳು ಹೇಳಿದನೆಂದು 600 ಛಡಿಯೇಟಿನ ಶಿಕ್ಷೆಯಾಯಿತು. ಅವನ ವಾದ ಸರಿಯೋ ತಪ್ಪೋ ಎಂದು ತೋರಿಸಬಲ್ಲ ಕಾಗದ ಆ ಖಂಡದಲ್ಲೇ ಇರಲಿಲ್ಲ.

ಆದ್ದರಿಂದ ನಕಲು ಅರ್ಜಿಯ ಮೇಲೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳಲು ನಮ್ಮ ಶಾಖೆಯಲ್ಲಿ ಯಾರಿಗೂ ನಾನು ಬಿಡುವುದಿಲ್ಲ. ಮೊದಲು ಮುಗಿದ ದಾವೆಗಳ ವಿಲೇವಾರಿ ವಹಿ ನೋಡಬೇಕು, ಮೇಲ್ಮನವಿಗೆಂದು ಕಡತ ಹೋಗಿದೆಯೇ ಎಂದು ವಿಚಾರಿಸಬೇಕು. ಅಲ್ಲಿಯೂ ಸಿಗದಿದ್ದರೆ ಲಿಖಿತ ಟಿಪ್ಪಣಿಯೊಂದಿಗೆ ನ್ಯಾಯಾಧೀಶರ ಗಮನಕ್ಕೆ ತಂದು, ಉಭಯ ಪಕ್ಷಗಳ ಬಳಿಯಿರುವ ಪ್ರತಿಗಳಿಂದ ಕಡತವನ್ನು ಮತ್ತೆ ಕಟ್ಟಲು ಆದೇಶ ಪಡೆಯಬೇಕು.