ಬಿ ಫಾರಂ ಯಾರು ಕೊಡೋದು ಮಿಸ್?

ರಾಜಕೀಯ ಪಕ್ಷಗಳ ಪಾಠಕ್ಕೆ ನಾವು ಸಮಾಜದ ಟೀಚರುಗಳು ಬರೆಸುವ ನೋಟ್ಸು ಎಲ್ಲ ಕಡೆ ಒಂದೇ. ಏಕಪಕ್ಷ ಪದ್ಧತಿ, ದ್ವಿಪಕ್ಷ ಪದ್ಧತಿ, ಬಹುಪಕ್ಷ ಪದ್ಧತಿ, ಒಂದೊಂದಕ್ಕೂ ಒಂದು ದೇಶ; ಪ್ರಣಾಳಿಕೆ ಎಂದರೇನು, ಎರಡು ಅಂಕ. ಎಫ್‌ಎ ಪರೀಕ್ಷೆಗೆ ಅಷ್ಟು ಧಾರಾಳ ಸಾಕು. ಮಕ್ಕಳಿಗೆ ಸಾಲದು, ಏಕೆಂದರೆ ಹಳ್ಳಿ ಮಕ್ಕಳಿಗೆ ಪಕ್ಷದ ವಿಷಯ ನಮಗಿಂತ ಚೆನ್ನಾಗಿ ಗೊತ್ತು. "ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ" ಅಂತ ಬೋರ್ಡಿನ ಮೇಲೆ ಬರೆದೆ, ಎಂಟನೇ ಕ್ಲಾಸಿಗೆ ಕ್ಲಾಸೇ ನಕ್ಕಿತು. ಯಾವ ಮೆಂಬರು ಯಾರ ಕಡೆಯವನು ಅಂತ ಹಿಂದಿನ ಬೆಂಚಿನವರು ವಾರ್ಡು ವಾರ್ಡಿಗೂ ಹೇಳಿದರು.

ಅದಕ್ಕೇ ಶಾಲಾ ಸಂಸತ್ತಿನ ಚುನಾವಣೆಯನ್ನು ಈ ಸಲ ಪಕ್ಷ ಕಟ್ಟಿಸಿಯೇ ಮಾಡೋಣ ಅಂತ ಹೊರಟೆ. ಎಚ್‌ಎಂ ಸರ್ ಕೇಳಿದ್ದು ಒಂದೇ: "ಫೋಟೋ ಚೆನ್ನಾಗಿ ಬರುತ್ತಾ? ಇಲಾಖೆಯ ಸಿಆರ್‌ಪಿ ಗ್ರೂಪಿಗೆ ಹಾಕಬೇಕು." ಅದನ್ನೇ ಅನುಮತಿ ಅಂದುಕೊಂಡೆ.

ಶುರುವಿನ ವಾರ ಚೆನ್ನಾಗಿಯೇ ಹೋಯಿತು. ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ಹಳೇ ಚಿಹ್ನೆಗಳನ್ನು ಬರೆದುಕೊಂಡು ಬನ್ನಿ ಅಂದಿದ್ದೆ. ಜೋಡೆತ್ತು ಬಂತು, ಹಸು-ಕರು ಬಂತು, ನೇಗಿಲು ಹೊತ್ತ ರೈತ ಬಂದ, ಚಕ್ರ ಬಂತು. ಜೋಡೆತ್ತು, ಹಸು-ಕರು, ಕೈ ಮೂರೂ ಕಾಂಗ್ರೆಸ್ಸಿನ ಕಥೆಯೇ ಅಂತ ಗೊತ್ತಾದಾಗ ಮಕ್ಕಳಿಗೆ ಆಶ್ಚರ್ಯ. 1969ರಲ್ಲಿ ಪಕ್ಷ ಒಡೆದದ್ದು, 1978ರಲ್ಲಿ ಮತ್ತೆ ಒಡೆದದ್ದು, 1999ರಲ್ಲಿ ಜನತಾದಳ ಇಬ್ಭಾಗವಾದಾಗ ಚಕ್ರ ಯಾರಿಗೂ ಸಿಗದೆ ಹೋದದ್ದು, ಆಮೇಲೆ ಜೆಡಿಎಸ್‌ಗೆ ತೆನೆ ಹೊತ್ತ ಮಹಿಳೆ ಬಂದದ್ದು. ಇದನ್ನೆಲ್ಲ ಬರೀ ಇಸವಿ ಹಿಡಿದು ಪಾಠ ಮಾಡಿದ್ದರೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು.

ಆಮೇಲೆ ನಿಯಮ ಬರೆದೆ. ಪಕ್ಷ ನೋಂದಾಯಿಸಲು ಚುನಾವಣಾ ಆಯೋಗ ಕನಿಷ್ಠ 100 ಸದಸ್ಯರನ್ನು ಕೇಳುತ್ತದೆ, ನಮ್ಮಲ್ಲಿ ಹತ್ತು ಸಾಕು. ಅಧ್ಯಕ್ಷರನ್ನು ಸದಸ್ಯರೇ ಕೈಯೆತ್ತಿ ಆರಿಸಬೇಕು. ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅಧ್ಯಕ್ಷರ ಸಹಿ ಇರುವ ಬಿ ಫಾರಂ, ಅಂದರೆ ಇವರೇ ನಮ್ಮ ಪಕ್ಷದ ಅಭ್ಯರ್ಥಿ ಅನ್ನುವ ಪತ್ರ, ಕೊಡಬೇಕು. ಸಹಿ ಶಾಯಿಯಲ್ಲೇ ಇರಬೇಕು, ಸೀಲು ನಡೆಯದು. ಪಕ್ಷೇತರರಿಗೆ ಹೆಸರು ಸೂಚಿಸಿ ಸಹಿ ಹಾಕುವ ಹತ್ತು ಜನ ಸೂಚಕರು. ಹಿಂದೊಮ್ಮೆ ನಾಮಪತ್ರದ ದಿನ ತಾಲ್ಲೂಕು ಆಫೀಸಿನಲ್ಲಿ ಡ್ಯೂಟಿ ಬಿದ್ದಿದ್ದಾಗ ನೋಡಿದ್ದೆ, ನಾಮಪತ್ರದ್ದೆಲ್ಲ ನಿಜದ ನಿಯಮವೇ. ಡ್ರಾಯಿಂಗ್ ಮೇಷ್ಟ್ರು ಚುನಾವಣಾಧಿಕಾರಿ. ಜಗಲಿಯ ಮೇಲೆ ಟೇಬಲ್ಲು, ಮೇಲೊಂದು ಗೋಡೆ ಗಡಿಯಾರ.

ಪಕ್ಷ ಮೂರಾದವು. ಅದರಲ್ಲಿ ಒಂದಕ್ಕೆ ಬಸ್‌ಸ್ಟ್ಯಾಂಡಿನ ಅಂಗಡಿಯವರ ಮಗ ಅಧ್ಯಕ್ಷ. ಪ್ರಣಾಳಿಕೆ ಪೂರ್ತಿ ಬರೆದದ್ದು ಮಾತ್ರ ಡೇರಿ ಕಾರ್ಯದರ್ಶಿಯ ಮಗಳು. ಹುಡುಗಿಯರ ಶೌಚಾಲಯಕ್ಕೆ ಚಿಲಕ, ನಲ್ಲಿಗೆ ವಾಷರ್, ವಾರಕ್ಕೆ ಎರಡು ದಿನ ಲೈಬ್ರರಿ ಬೀರು ತೆಗೆಯುವುದು. ಪ್ರಧಾನಮಂತ್ರಿ ಅಭ್ಯರ್ಥಿ ಅವಳೇ ಅಂತ ಬಿಸಿಯೂಟದ ಅಮ್ಮಂದಿರಿಗೂ ಗೊತ್ತಿತ್ತು. ನಾನಂತೂ ಆ ಪ್ರಣಾಳಿಕೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದೆ.

ಮೂರು ಗಂಟೆಗೆ ಹತ್ತು ನಿಮಿಷ ಇದ್ದಾಗ ಅಂಗಡಿ ಹುಡುಗ ಟೇಬಲ್ಲಿಗೆ ಬಂದ. ಬಿ ಫಾರಂನಲ್ಲಿ ಇದ್ದ ಹೆಸರು ಅವನ ಕಬಡ್ಡಿ ಟೀಮಿನ ಹುಡುಗನದು.

"ಸದಸ್ಯರನ್ನ ಕೇಳಿದ್ಯೇನೋ?" ಅಂದೆ.

"ರೂಲ್ಸಲ್ಲಿ ಅಧ್ಯಕ್ಷರ ಸಹಿ ಬೇಕು ಅಂತ ಅಷ್ಟೇ ಬರ್ದಿದೀರ ಮಿಸ್."

ಬರೆದದ್ದು ನಾನೇ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಿಜದ ಬಿ ಫಾರಂ ಕೂಡ ಪಕ್ಷ ಅಧಿಕಾರ ಕೊಟ್ಟವರ ಸಹಿ ಇದೆಯಾ ಅಂತ ಮಾತ್ರ ನೋಡುತ್ತದೆ. ಸದಸ್ಯರು ಒಪ್ಪಿದರಾ ಅಂತ ತಾಲ್ಲೂಕು ಆಫೀಸಿನಲ್ಲಿ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಮೇಷ್ಟ್ರು ಫಾರಂ ತಗೊಂಡು ಸೀಲು ಒತ್ತಿದರು.

ಹುಡುಗಿ ಅಳುತ್ತಾಳೆ ಅಂದುಕೊಂಡೆ. ಅವಳು ನಾಮಪತ್ರದ ಖಾಲಿ ಹಾಳೆ ಎಳೆದುಕೊಂಡು "ಪಕ್ಷೇತರ" ಅಂತ ಬರೆದು ಓಡಿದಳು. ಹತ್ತು ಸಹಿ ಬೇಕು, ಇದ್ದದ್ದು ಎಂಟು ನಿಮಿಷ. ಆರನೇ ಕ್ಲಾಸಿನ ಹುಡುಗಿಯರು ಕಿಟಕಿಯ ಸರಳಿನ ಸಂದಿಯಿಂದ ಕೈ ಹೊರಗೆ ಹಾಕಿ ಸಹಿ ಮಾಡಿದರು. ಐದಾಯಿತು, ಏಳಾಯಿತು. ಏಳನೇ ಕ್ಲಾಸಿನ ಒಬ್ಬ ಪೆನ್ನು ಹಿಡಿದು ಅಂಗಡಿ ಹುಡುಗನ ಮುಖ ನೋಡಿ ಪೆನ್ನು ವಾಪಸ್ ಕೊಟ್ಟ. ಅವರ ಮನೆ ಲೆಕ್ಕದ ಪುಸ್ತಕ ಅದೇ ಅಂಗಡಿಯಲ್ಲಿದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಒಂಬತ್ತನೇ ಸಹಿ ಆಗುವ ಹೊತ್ತಿಗೆ ಗಡಿಯಾರದ ಮುಳ್ಳು ಹನ್ನೆರಡರ ಮೇಲಿತ್ತು. ಬೆಲ್ ಹೊಡೆಯುವ ಹುಡುಗ ಕಂಬಿ ತುಂಡು ಮೇಲೆತ್ತಿದ.

ನಾನು ಅವನಿಗೆ ಕಣ್ಸನ್ನೆ ಮಾಡಿದೆ. ತಡಿ, ಅಂತ.

ಅವನು ಪಾಪ, ಕೈ ಮೇಲೇ ಇಟ್ಟುಕೊಂಡು ನಿಂತ. ಜಗಲಿಯಲ್ಲಿದ್ದವರೆಲ್ಲ ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಂಗಡಿ ಹುಡುಗ ದನಿ ಏರಿಸಲೂ ಇಲ್ಲ. "ಮಿಸ್, ಮೂರು ಗಂಟೆ ಆಯ್ತು" ಅಂದ. ಮೇಷ್ಟ್ರು ತಲೆಯೆತ್ತದೆ ಪೆನ್ನಿನ ಕ್ಯಾಪು ಹಾಕಿದರು. ಹತ್ತನೇ ಸಹಿಯೊಂದಿಗೆ ಅವಳು ಬಂದಾಗ ಹಾಳೆ ತಗೊಳ್ಳಲಿಲ್ಲ.

ನಾಮಪತ್ರ ಹೋದದ್ದಕ್ಕಿಂತ ಆ ಕಣ್ಸನ್ನೆ ದುಬಾರಿಯಾಯಿತು. ಮಾರನೇ ದಿನ ಶಾಲೆಯ ಸಮಿತಿ ಎಸ್‌ಡಿಎಂಸಿಯವರೊಬ್ಬರು ಬಂದು "ಮೇಡಂ, ನೀವು ಒಂದ್ ಕಡೆ ಅಂತಲ್ಲ?" ಅಂದರು, ನಗುತ್ತಲೇ. ಎಚ್‌ಎಂ ಸರ್ ಚುನಾವಣೆಯನ್ನೇ ಒಂದು ವಾರ ಮುಂದಕ್ಕೆ ಹಾಕಿ, "ಸುಮ್ನೆ ಹೋದ ವರ್ಷದ ಥರ ಮಾಡಿದ್ರೆ ಆಗ್ತಿರ್ಲಿಲ್ವಾ" ಅಂದರು. ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸಕ್ಕೆ ಕಳಿಸುವಾಗ ನಿಷ್ಪಕ್ಷಪಾತದ ಬಗ್ಗೆ ಅರ್ಧ ದಿನ ಟ್ರೈನಿಂಗ್ ಕೊಡುವ ಇಲಾಖೆ, ಶಾಲಾ ಸಂಸತ್ತಿಗೆ ಕೊಟ್ಟದ್ದು ಒಂದು ಪಿಡಿಎಫ್. ಮತದಾನದ ದಿನ ಮೊಬೈಲಿನ ವೋಟಿಂಗ್ ಆ್ಯಪು ಎರಡು ಸಲ ನಿಂತುಹೋಯಿತು, ಅದರ ಕಥೆ ಬೇಡ.

ಕಬಡ್ಡಿ ಹುಡುಗನೇ ಗೆದ್ದ. ಉಳಿದ ಎರಡು ಪಕ್ಷಗಳು ಪೋಸ್ಟರ್ ಬರೆಯುವುದರಲ್ಲೇ ದಣಿದಿದ್ದವು. ಮಂತ್ರಿ ಮಂಡಲದ ಪಟ್ಟಿಯಲ್ಲಿ ಶಿಕ್ಷಣ ಮಂತ್ರಿ ಅಂತ ಡೇರಿ ಹುಡುಗಿಯ ಹೆಸರಿತ್ತು. ನನಗೆ ಸಿಟ್ಟು ಬಂತು. "ಯಾಕಮ್ಮ ಒಪ್ಕೊಂಡೆ?" ಅಂದರೆ, "ಬೀರು ಕೀ ನನ್ ಹತ್ರನೇ ಇರುತ್ತಲ್ಲ ಮಿಸ್" ಅಂದಳು.

ಇದು ಪಕ್ಷಾಂತರನಾ ಅಂತ ಯಾರೋ ಕೇಳಿದರು. ಅಲ್ಲ, ಅವಳು ಪಕ್ಷ ಬಿಟ್ಟೇ ಇಲ್ಲ ಅನ್ನುವಲ್ಲಿಂದ ಶುರುವಾದ ಪೀರಿಯಡ್ ನನ್ನ ಪಾಠ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಪಕ್ಷಾಂತರ ತಡೆಯಲು ಸಂವಿಧಾನಕ್ಕೆ 1985ರಲ್ಲಿ ಮಾಡಿದ 52ನೇ ತಿದ್ದುಪಡಿ, ಅದು ತಂದ ಹತ್ತನೇ ಅನುಸೂಚಿ, ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಡೆದು ಹೋದರೆ ಅನರ್ಹತೆ ಇಲ್ಲ ಅನ್ನುವ ದಾರಿಯನ್ನು 2003ರಲ್ಲಿ ಮುಚ್ಚಿದ್ದು. 2019ರಲ್ಲಿ ನಮ್ಮ 17 ಶಾಸಕರು ಅನರ್ಹರಾದದ್ದು, ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದೂ ಉಪಚುನಾವಣೆಗೆ ನಿಲ್ಲಲು ಬಿಟ್ಟದ್ದು, ಹಲವರು ಹೊಸ ಪಕ್ಷದಿಂದ ಗೆದ್ದು ಮಂತ್ರಿಗಳಾದದ್ದು. "ಹಂಗಾದ್ರೆ ಅನರ್ಹ ಆಗಿ ಏನಾಯ್ತು ಮಿಸ್?" ಅಂದ ಕಬಡ್ಡಿ ಹುಡುಗ. ಬೆಲ್ ಹೊಡೆದದ್ದು ಒಳ್ಳೆಯದಾಯಿತು.

ಮುಂದಿನ ಜೂನ್‌ಗೆ ನಿಯಮ ಬದಲಿಸಬೇಕಾ ಅನ್ನುವುದರಲ್ಲಿ ನನಗೂ ಡ್ರಾಯಿಂಗ್ ಮೇಷ್ಟ್ರಿಗೂ ಇನ್ನೂ ಹೊಂದಿಲ್ಲ. ಬಿ ಫಾರಂಗೆ ಸದಸ್ಯರ ಮತ ಕಡ್ಡಾಯ ಮಾಡೋಣ ಅಂತ ನನ್ನ ವಾದ. "ಹೊರಗಡೆ ಇಲ್ಲದ್ದನ್ನ ಒಳಗೆ ಕಲಿಸಿ ಏನ್ಮಾಡ್ತೀರ ಮೇಡಂ" ಅಂತ ಅವರು. ಗಂಟೆ ಹೊಡೆಯುವ ಕೆಲಸ ನನ್ನ ಕಣ್ಣಿಗೆ ಬೀಳದ ಜಾಗಕ್ಕೆ ಹಾಕಬೇಕು ಅನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.