ಗಾಳಿ ತಿರುಗಿದ ಮಧ್ಯಾಹ್ನ ಹಾಕಿದ ಸ್ಲ್ಯಾಬ್

ನಾನು ಅಮೆರಿಕದ ಓಕ್ಲಹೋಮಾ ಸಿಟಿ ಹತ್ತಿರ ಗೋದಾಮು ಕಟ್ಟುವ ಸೈಟುಗಳಲ್ಲಿ ಎಂಜಿನಿಯರ್. ದಾವಣಗೆರೆಯಲ್ಲಿ ಓದಿ, ಅಲ್ಲೇ ಎರಡು ವರ್ಷ ಮೋಲ್ಡ್ ಹಾಕಿಸಿ, ಆಮೇಲೆ ಇಲ್ಲಿಗೆ ಬಂದವನು. ಕಾಂಕ್ರೀಟ್ ನನಗೆ ಗೊತ್ತು ಅನ್ನೋ ಧೈರ್ಯ ಇತ್ತು. ಇಲ್ಲಿನ ಮೊದಲ ನವೆಂಬರಿನಲ್ಲೇ ಅದು ಇಳಿಯಿತು.

ಅವತ್ತು ನೆಲದ ಸ್ಲ್ಯಾಬ್ ಹಾಕುವುದಿತ್ತು. ಫೋನ್ ನೋಡಿದೆ. ಗರಿಷ್ಠ 23 ಡಿಗ್ರಿ (ಇಲ್ಲಿ ಎಲ್ಲ ಫ್ಯಾರನ್‌ಹೀಟ್, ನಾನು ಸೆಲ್ಸಿಯಸ್‌ನಲ್ಲೇ ಬರೆಯುತ್ತೇನೆ), ಮಳೆ ಇಲ್ಲ. ರಾತ್ರಿ ಮೈನಸ್ 3 ಅಂತಲೂ ಇತ್ತು, ಆದರೆ ಕತ್ತಲಾಗುವುದರೊಳಗೆ ಮುಗಿಸಿ ಹೊದಿಕೆ ಹಾಕಿದರಾಯ್ತು ಅಂದುಕೊಂಡೆ. ನಮ್ಮ ಫೋರ್‌ಮನ್ ಮೆಕ್ಸಿಕೋ ಮೂಲದವರು, ನನ್ನ ವಯಸ್ಸಿನಷ್ಟೇ ಅವರ ಸರ್ವಿಸ್. "ಮಧ್ಯಾಹ್ನ ನಾರ್ದರ್ ಬರುತ್ತೆ, ನಾಳೆ ಹಾಕೋಣ" ಅಂದರು. ನಾರ್ದರ್ ಅಂದರೆ ಉತ್ತರದಿಂದ ದಿಢೀರನೆ ನುಗ್ಗುವ ಚಳಿ ಗಾಳಿ. ನಾನು ಫೋನ್ ತೋರಿಸಿದೆ. ಅವರು ಏನೂ ಹೇಳದೆ ಟ್ರಕ್‌ಗಳನ್ನು ಕರೆಸಿದರು.

ಒಂದೂವರೆಗೆ ಎಲ್ಲರೂ ಬರೀ ಟೀ ಶರ್ಟಿನಲ್ಲಿದ್ದೆವು. ದಕ್ಷಿಣದಿಂದ ಬೆಚ್ಚಗಿನ, ಸ್ವಲ್ಪ ಜಿಗುಟು ಗಾಳಿ. ಎರಡರ ಸುಮಾರಿಗೆ ಗಾಳಿ ಒಮ್ಮೆ ನಿಂತಂತಾಯಿತು, ಆಮೇಲೆ ಉತ್ತರದಿಂದ ಬಾಗಿಲು ತೆಗೆದ ಹಾಗೆ ನುಗ್ಗಿತು. ಒಂದು ಹನಿ ಮಳೆ ಇಲ್ಲ, ಆಕಾಶ ಮೊದಲಿಗಿಂತ ಸ್ವಚ್ಛ. ಗಂಟೆಯೊಳಗೆ 9 ಡಿಗ್ರಿ. ಆಗ ಅರ್ಧ ಸ್ಲ್ಯಾಬ್ ಇನ್ನೂ ಹಸಿಯಾಗಿತ್ತು.

ನನ್ನ ಭಯವೆಲ್ಲ ರಾತ್ರಿಯ ಚಳಿಯದ್ದು. ಹಸಿ ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಹೆಪ್ಪುಗಟ್ಟಿದರೆ ಕೆಟ್ಟಿತು, ಅದು ಪುಸ್ತಕದಲ್ಲೇ ಇದೆ. ಆದರೆ ಹೊಡೆತ ಬಿದ್ದದ್ದು ಹಗಲಿನಲ್ಲೇ. ಉತ್ತರದಿಂದ ನುಗ್ಗಿದ ಗಾಳಿ ಒಣ ಗಾಳಿ. ಕೆಳಗೆ ಕಾಂಕ್ರೀಟ್ ಬೆಚ್ಚಗಿದೆ, ಮೇಲೆ ತಣ್ಣನೆಯ ಒಣ ಗಾಳಿ ರಭಸವಾಗಿ ಬೀಸುತ್ತಿದೆ. ಬಿಸಿ ಕಾಫಿಯ ಮೇಲೆ ಊದಿದರೆ ಆವಿ ಬೇಗ ಹೋಗುತ್ತದಲ್ವಾ, ಅದೇ ಲೆಕ್ಕ. ಮೇಲ್ಪದರದ ನೀರು ಎಳೆದುಕೊಂಡು ಹೋಯಿತು, ಮೇಲೆ ಹಪ್ಪಳದ ಹಾಗೆ ಒಣಗಿದೆ, ಕೆಳಗೆ ಇನ್ನೂ ಮೆತ್ತಗಿದೆ. ನಾಲ್ಕು ಗಂಟೆಗೆ ಬಿರುಕು ಕಾಣತೊಡಗಿದವು, ಗೇಣುದ್ದ, ಮೊಳದುದ್ದ. ಊರಿನಲ್ಲಿ ಏಪ್ರಿಲ್ ಬಿಸಿಲಿಗೆ ಬರುವ ಬಿರುಕು ಇಲ್ಲಿ ನವೆಂಬರಿನ ಚಳಿಯಲ್ಲಿ ಬಂದಿತ್ತು! ಸುಮಾರು ಭಾಗ ಎಪಾಕ್ಸಿ ಅಂಟು ತುಂಬಿ ಉಳಿಸಿಕೊಂಡೆವು, ಒಂದಷ್ಟು ಒಡೆದು ಮತ್ತೆ ಹಾಕಿದೆವು. ಯಾರ ತಪ್ಪು ಅಂತ ಮೀಟಿಂಗ್ ಮಾಡಬೇಕಾದ ಅಗತ್ಯವೇ ಇರಲಿಲ್ಲ, ನನ್ನದೇ.

ಆಮೇಲೆ ಕೂತು ಓದಿದೆ. ಅವತ್ತು ನಮ್ಮ ಮೇಲೆ ಇದ್ದದ್ದು ಒಂದು ಹವಾಮಾನ ಅಲ್ಲ, ಎರಡು ಬೇರೆ ಬೇರೆ ಗಾಳಿ. ಮಧ್ಯಾಹ್ನದವರೆಗೆ ಮೆಕ್ಸಿಕೋ ಕೊಲ್ಲಿಯ ನೀರಿನ ಮೇಲೆ ಕೂತು ತೇವ ಕುಡಿದು ಬಂದ ಗಾಳಿ, ಆಮೇಲೆ ಕೆನಡಾದ ತಣ್ಣನೆಯ ನೆಲದ ಮೇಲೆ ದಿನಗಟ್ಟಲೆ ನಿಂತು ಬಂದ ಗಾಳಿ. ಇವು ಸುಲಭವಾಗಿ ಬೆರೆಯುವುದಿಲ್ಲ. ತಣ್ಣನೆಯದು ಭಾರ, ಬೆಣೆಯ ಹಾಗೆ ಬೆಚ್ಚಗಿನದರ ಅಡಿಗೆ ತೂರಿ ಅದನ್ನು ಮೇಲಕ್ಕೆತ್ತುತ್ತದೆ. ಮೇಲೆದ್ದದ್ದರಲ್ಲಿ ತೇವ ಸಾಕಷ್ಟಿದ್ದರೆ ಗುಡುಗು ಮಳೆ, ಇಲ್ಲದಿದ್ದರೆ ನಮಗೆ ಬಂದ ಹಾಗೆ ಬರೀ ಗಾಳಿ. ಎರಡರ ನಡುವಿನ ಗಡಿಗೆ ಫ್ರಂಟ್ ಅನ್ನುತ್ತಾರೆ. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ನಾರ್ವೆಯ ಬರ್ಗೆನ್‌ನ ವಿಜ್ಞಾನಿಗಳು ಇಟ್ಟ ಹೆಸರು, ಸೇನೆಗಳು ಎದುರುಬದುರು ನಿಂತ ಸಾಲನ್ನು ನೆನೆದು.

ನಮ್ಮೂರಲ್ಲಿ ಇದು ನನಗೆ ಗೊತ್ತಾಗದೇ ಇದ್ದದ್ದಕ್ಕೂ ಕಾರಣವಿದೆ. ಉತ್ತರದ ಚಳಿ ಗಾಳಿಗೆ ಹಿಮಾಲಯ ಅಡ್ಡ ನಿಂತಿದೆ, ಕರ್ನಾಟಕಕ್ಕೆ ಇಂಥ ಗಡಿ ಬಂದು ಬಡಿಯುವುದಿಲ್ಲ. ಇಲ್ಲಿ ಕೆನಡಾದಿಂದ ಓಕ್ಲಹೋಮಾವರೆಗೆ ಅಡ್ಡಲಾಗಿ ಒಂದು ಬೆಟ್ಟದ ಸಾಲೂ ಇಲ್ಲ. 1911ರ ನವೆಂಬರ್ 11ರಂದು ಓಕ್ಲಹೋಮಾ ಸಿಟಿಯಲ್ಲಿ ಹಗಲು 28 ಡಿಗ್ರಿ ಇತ್ತು, ಅದೇ ದಿನ ನಡುರಾತ್ರಿಯೊಳಗೆ ಮೈನಸ್ 8ಕ್ಕೆ ಇಳಿಯಿತು. ಆ ತಾರೀಖಿನ ಗರಿಷ್ಠ ದಾಖಲೆ, ಕನಿಷ್ಠ ದಾಖಲೆ, ಎರಡೂ ಆ ಒಂದೇ ದಿನದ್ದು. ಇಂಥ ಊರಲ್ಲಿ "ಇವತ್ತಿನ ಗರಿಷ್ಠ" ಅನ್ನೋ ಸಂಖ್ಯೆ ನಂಬಿ ಕಾಂಕ್ರೀಟ್ ಹಾಕಿದವನು ನಾನು.

ಈಗ ನಾನು ಕೇಳುವ ಪ್ರಶ್ನೆ ಒಂದೇ: ಗಾಳಿ ಎಷ್ಟು ಗಂಟೆಗೆ ತಿರುಗುತ್ತದೆ? ಓಕ್ಲಹೋಮಾದ 77 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳ ಹಾಗೆ) ಮೆಸೊನೆಟ್ ಎಂಬ ಜಾಲದ ಹವಾಮಾನ ಕಂಬಗಳಿವೆ, ಐದು ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ವಾಯವ್ಯದ ವುಡ್‌ವರ್ಡ್‌ನಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣ ತಿರುಗಿತು, ಆಮೇಲೆ ಈನಿಡ್‌ನಲ್ಲಿ, ಇನ್ನು ನಮ್ಮ ಸರದಿ ಅಂತ ಸೈಟಿನಲ್ಲೇ ನಿಂತು ನೋಡಬಹುದು. ಜೊತೆಗೆ ಇಬ್ಬನಿ ಬಿಂದು ನೋಡುತ್ತೇನೆ, ಅಂದರೆ ಗಾಳಿ ಎಷ್ಟಕ್ಕೆ ತಣ್ಣಗಾದರೆ ಅದರ ತೇವ ನೀರಾಗುತ್ತದೆ ಅನ್ನುವ ಲೆಕ್ಕ. ಅವತ್ತು ಅದು 14ರಿಂದ ಮೈನಸ್ 4ಕ್ಕೆ ಬಿದ್ದಿತ್ತು. ತೇವಾಂಶದ ಶೇಕಡಾ ಲೆಕ್ಕ ಉಷ್ಣಾಂಶದ ಜೊತೆ ಏರಿಳಿದು ಮೋಸ ಮಾಡುತ್ತದೆ, ಇದು ಮಾಡುವುದಿಲ್ಲ.

ವಸಂತದಲ್ಲಿ ಇದೇ ಬಿಂದು ಇನ್ನೊಂದು ಕಥೆ ಹೇಳುತ್ತದೆ. ಪಶ್ಚಿಮದ ಮರುಭೂಮಿ ಕಡೆಯ ಒಣ ಗಾಳಿಗೂ ಕೊಲ್ಲಿಯ ತೇವದ ಗಾಳಿಗೂ ನಡುವೆ ಡ್ರೈ ಲೈನ್ ಅಂತ ಒಂದು ಗಡಿ ಬೀಳುತ್ತದೆ. ಅಲ್ಲಿ ಚಳಿ ಇಲ್ಲ, ತೇವದ ವ್ಯತ್ಯಾಸ ಮಾತ್ರ. ಇಲ್ಲಿನ ದೊಡ್ಡ ಸುಂಟರಗಾಳಿಗಳಲ್ಲಿ ಬಹಳಷ್ಟು ಆ ಗಡಿಯ ಹತ್ತಿರ ಹುಟ್ಟಿದವು. ಮೇ ತಿಂಗಳಲ್ಲಿ ಆ ಗೆರೆ ನಮ್ಮ ಪಶ್ಚಿಮಕ್ಕೆ ಕಂಡರೆ ಕ್ರೇನ್ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸುತ್ತೇವೆ.

ಕಳೆದ ನವೆಂಬರಿನಲ್ಲಿ ಮತ್ತೆ ಅಂಥದ್ದೇ ದಿನ ಬಂತು. 22 ಡಿಗ್ರಿ, ಬಿಸಿಲು, ಮೂರಕ್ಕೆ ಫ್ರಂಟ್. ನಾನು ಟ್ರಕ್ ರದ್ದು ಮಾಡಿಸಿದೆ. ಇಷ್ಟು ಒಳ್ಳೆ ದಿನ ಯಾಕೆ ಹಾಳು ಮಾಡ್ತೀರಿ ಅಂತ ಮೇಲಿನವರು ರೇಗಿದರು. ಒಂದು ದಿನ ಬಿಟ್ಟು, ಗಾಳಿ ಪೂರ್ತಿ ನಿಂತ ಮೇಲೆ, 6 ಡಿಗ್ರಿಯಲ್ಲಿ ಬಿಸಿನೀರು ಹಾಕಿ ಕಲಸಿದ ಕಾಂಕ್ರೀಟ್ ಹಾಕಿ ಕಂಬಳಿ ಹೊದಿಸಿದೆವು. ಫೋರ್‌ಮನ್ ಮಾರನೇ ದಿನ ಕಂಬಳಿಯ ತುದಿ ಎತ್ತಿ, ಬ್ಯಾಟರಿ ಬಿಟ್ಟು ನೋಡಿ, ಬಿರುಕಿಲ್ಲ ಅಂತ ತಲೆಯಾಡಿಸಿ ತಿಂಡಿಗೆ ಹೋದರು.