ಟ್ಯಾಪೆಟ್ ಸೆಟ್ಟಿಂಗ್‌ಗೆ ಪಾನಾ ಹಿಡಿಯುವ ಮುಂಚೆ

ವಿಲ್ಸನ್ ಗಾರ್ಡನ್‌ನಲ್ಲಿ ನಮ್ಮ ಗ್ಯಾರೇಜ್. ಹಳೇ ಕಾರುಗಳ ಎಂಜಿನ್ ಕೆಲಸವೇ ಜಾಸ್ತಿ. ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್‌ಗೂ ಅದನ್ನು ತೆರೆಯುವ ಭಾಗಗಳಿಗೂ ನಡುವಿನ ಸಂದಿ, ಸೆಟ್ ಮಾಡುವುದನ್ನು ಕಲಿಸುವುದಿಲ್ಲ. ಈ ಎಂಜಿನ್‌ನಲ್ಲಿ ಗ್ಯಾಪ್ ಇರಬೇಕಾ ಬೇಡವಾ ಅಂತ ಕಂಡುಹಿಡಿಯುವುದನ್ನು ಕಲಿಸುತ್ತೇನೆ. ಅದು ಗೊತ್ತಿಲ್ಲದೆ ಪಾನಾ ಹಿಡಿದರೆ ಚೆನ್ನಾಗಿದ್ದ ಹೆಡ್ಡೂ ಹಾಳಾಗುತ್ತದೆ.

ತಿರುಗುವ ಕ್ಯಾಮ್‌ನ ಉಬ್ಬು ಎತ್ತಿದಾಗ ಆ ಒತ್ತನ್ನು ವಾಲ್ವ್ ಕಡೆಗೆ ಸಾಗಿಸುವ ತುಂಡೇ ಲಿಫ್ಟರ್, ಅದನ್ನೇ ಟ್ಯಾಪೆಟ್ ಅಂತಲೂ ಅನ್ನುತ್ತೇವೆ. ಅದರಲ್ಲಿ ಎರಡು ಥರ. ಸಾಲಿಡ್ ಲಿಫ್ಟರ್ ಅಂದರೆ ಗಟ್ಟಿ ಕಬ್ಬಿಣದ ತುಂಡು. ಕ್ಯಾಮ್ ಎತ್ತಿದಷ್ಟೂ ಮೇಲೆ ಹೋಗುತ್ತದೆ. ಎಂಜಿನ್ ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ, ಅದಕ್ಕೆ ಜಾಗ ಬೇಕು. ಆ ಜಾಗವೇ ನಾವು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ಬಿಡುವ ಗ್ಯಾಪ್. ಹೈಡ್ರಾಲಿಕ್ ಲಿಫ್ಟರ್ ಒಳಗೆ ಮೇಲೆ ಕೆಳಗೆ ಜಾರುವ ಒಂದು ಪ್ಲಂಜರ್, ಅದರ ಕೆಳಗೆ ಸ್ಪ್ರಿಂಗ್, ಆಯಿಲ್ ವಾಪಸ್ ಹೋಗದಂತೆ ತಡೆಯುವ ಒಂದು ಸಣ್ಣ ಚೆಕ್ ವಾಲ್ವ್ ಇರುತ್ತವೆ. ಎಂಜಿನ್ ಆಯಿಲ್ ಒಳಗೆ ತುಂಬಿಕೊಂಡು ಸಂದಿಯನ್ನು ತಾನೇ ಮುಚ್ಚುತ್ತದೆ. ಅಲ್ಲಿ ಗ್ಯಾಪ್ ಬಿಡುವ ಮಾತೇ ಇಲ್ಲ. 1930ರ ಕ್ಯಾಡಿಲಾಕ್ ವಿ16 ಎಂಜಿನ್‌ನಲ್ಲೇ ಈ ಏರ್ಪಾಡು ಇತ್ತು. ಹಾಗಾಗಿ ಹಳೇ ಎಂಜಿನ್ ಅಂದ ಮಾತ್ರಕ್ಕೆ ಸಾಲಿಡ್ ಅಂತ ಹೇಳಲು ಬರುವುದಿಲ್ಲ.

ನಮ್ಮೂರಿನ ಮೆಕ್ಯಾನಿಕ್‌ಗಳಿಗೆ ಇಲ್ಲೊಂದು ತೊಂದರೆ ಇದೆ. ನಾವೆಲ್ಲ ಅಂಬಾಸಿಡರ್, ಪದ್ಮಿನಿ, ಮಾರುತಿ 800 ಮೇಲೆ ಕೈ ಪಳಗಿಸಿಕೊಂಡವರು. ಮೂರರಲ್ಲೂ ಸ್ಕ್ರೂ ತಿರುಗಿಸಿ ಗ್ಯಾಪ್ ಸೆಟ್ ಮಾಡಬೇಕು. ವಾಲ್ವನ್ನು ಒತ್ತುವ ತೋಳು, ಅಂದರೆ ರಾಕರ್ ಮೇಲೆ ಸ್ಕ್ರೂ, ಲಾಕ್ ನಟ್ ಕಂಡರೆ ಸಾಕು, ಕೈ ತಾನಾಗಿ ಫೀಲರ್ ಗೇಜ್ ಕಡೆ ಹೋಗುತ್ತದೆ.

ಹೋದ ವರ್ಷ ಒಬ್ಬ ಹಿರಿಯರು 1953ರ ಷೆವರ್ಲೆ ತಂದರು. ಆರು ಸಿಲಿಂಡರ್, 235 ಕ್ಯೂಬಿಕ್ ಇಂಚು. ಬೇರೆ ಕಡೆ ಟ್ಯಾಪೆಟ್ ಸೆಟ್ ಮಾಡಿಸಿದ ಮೇಲೆ ಸದ್ದು ಇನ್ನೂ ಜಾಸ್ತಿಯಾಗಿತ್ತು. ಕೈಯಲ್ಲಿ ಮ್ಯಾನ್ಯುಯಲ್ ಹಿಡಿದುಕೊಂಡೇ ಬಂದಿದ್ದರು.

"ಬುಕ್ಕಲ್ಲಿ ಗ್ಯಾಪ್ ಕೊಟ್ಟಿದ್ದಾರಲ್ಲಪ್ಪಾ, ಅದನ್ನೇ ಇಟ್ಟಿದ್ದಾರೆ."

"ಬುಕ್ ಸರಿ ಇದೆ ಸರ್. ಈ ಎಂಜಿನ್ ಆ ಬುಕ್ಕಿಂದಲ್ಲ."

ವಿಷಯ ಇಷ್ಟು. ಆ ವರ್ಷ ಷೆವರ್ಲೆ ಒಂದೇ ಅಳತೆಯ ಎಂಜಿನ್ನನ್ನು ಎರಡು ಥರ ಮಾಡುತ್ತಿತ್ತು. ಕೈಯಲ್ಲಿ ಗೇರ್ ಹಾಕುವ ಕಾರಿಗೆ ಸಾಲಿಡ್ ಲಿಫ್ಟರ್, ಪವರ್‌ಗ್ಲೈಡ್ ಅನ್ನುವ ಆಟೋಮ್ಯಾಟಿಕ್ ಗೇರ್ ಇರುವ ಕಾರಿಗೆ ಹೈಡ್ರಾಲಿಕ್. ಎರಡರಲ್ಲೂ ರಾಕರ್ ಮೇಲೆ ಅದೇ ಸ್ಕ್ರೂ, ಅದೇ ನಟ್. ಇವರ ಕಾರು ಕೈ ಗೇರಿನದು, ಆದರೆ ಯಾವುದೋ ಕಾಲದಲ್ಲಿ ಪವರ್‌ಗ್ಲೈಡ್ ಕಾರಿನ ಎಂಜಿನ್ ಕೂತಿತ್ತು. ಬೆಂಗಳೂರಿನಲ್ಲಿ ಇದೇನೂ ದೊಡ್ಡ ವಿಷಯವಲ್ಲ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಎಂಜಿನ್ನನ್ನು ಹಾಕಿ ಓಡಿಸಿಕೊಂಡ ಕಾರುಗಳು ಎಷ್ಟೋ ಇವೆ. ಹಳೇ ಅಮೆರಿಕನ್ ಕಾರಿನ ಬಾನೆಟ್ ಎತ್ತಿದರೆ ಡೀಸೆಲ್ ಎಂಜಿನ್ ಇರುವುದೂ ಉಂಟು. ಅದಕ್ಕೇ ಕಾರಿನ ಹೆಸರು ನೋಡಿ ಲಿಫ್ಟರ್ ಯಾವುದು ಅಂತ ಹೇಳಬೇಡಿ. ಎಂಜಿನ್ನನ್ನೇ ಕೇಳಬೇಕು.

ಕೇಳುವುದು ಹೇಗೆ? ಟ್ಯಾಪೆಟ್ ಕವರ್ ತೆಗೆಯಿರಿ. ಒಂದು ಸಿಲಿಂಡರನ್ನು ಕಂಪ್ರೆಷನ್ ಟಾಪ್‌ಗೆ ತನ್ನಿ, ಅಂದರೆ ಎರಡೂ ವಾಲ್ವ್ ಮುಚ್ಚಿರಬೇಕು. ಈಗ ರಾಕರ್ ಅಲ್ಲಾಡಿಸಿ. ಸಣ್ಣ ಆಟ ಇದ್ದು ಟಕ್ ಟಕ್ ಅಂದರೆ, ಪುಶ್ ರಾಡ್ (ಲಿಫ್ಟರ್‌ನಿಂದ ರಾಕರ್‌ಗೆ ಹೋಗುವ ಕಡ್ಡಿ) ಕಡೆ ಎಷ್ಟು ಒತ್ತಿದರೂ ಕಬ್ಬಿಣಕ್ಕೆ ಕಬ್ಬಿಣ ಕೂತ ಹಾಗೆ ನಿಂತರೆ ಸಾಲಿಡ್ ಇರಬಹುದು. ಆಟವೇ ಇಲ್ಲದೆ, ಒಂದೇ ಸಮ ಜೋರಾಗಿ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದು, ಬಿಟ್ಟಾಗ ಮೇಲೆ ಬಂದರೆ ಹೈಡ್ರಾಲಿಕ್. ಬೆರಳಲ್ಲಿ ಒತ್ತಿದರೆ ಸಾಲದು. ಆಯಿಲ್ ತುಂಬಿದ ಲಿಫ್ಟರ್ ಬೆರಳಿಗೆ ಕಲ್ಲಿನ ಥರ ಸಿಗುತ್ತದೆ. ರಾಕರ್ ಮೇಲೆ ಲಿವರ್ ಹಾಕಿ ಸ್ವಲ್ಪ ಹೊತ್ತು ಹಿಡಿಯಬೇಕು.

ಇನ್ನೊಂದು ಎಚ್ಚರ ಬೇಕು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆಯಿಲ್ ಅಂಟಾಗಿ ಪ್ಲಂಜರ್ ಹಿಡಿದುಕೊಂಡಿರುತ್ತದೆ. ಅಂಥ ಹೈಡ್ರಾಲಿಕ್ ಲಿಫ್ಟರ್ ಸಾಲಿಡ್ ಹಾಗೇ ವರ್ತಿಸುತ್ತದೆ. ಒಂದನ್ನು ಒತ್ತಿ ತೀರ್ಮಾನ ಮಾಡಬೇಡಿ. ಎಲ್ಲ ಸಿಲಿಂಡರಿಗೂ ಹೋಗಿ. ಯಾವುದೋ ಒಂದಾದರೂ ಕೆಳಗಿಳಿದರೆ ಉತ್ತರ ಸಿಕ್ಕಿತು.

ಆಮೇಲೂ ಅನುಮಾನ ಇದ್ದರೆ ಒಂದು ಲಿಫ್ಟರ್ ಹೊರಗೆ ತೆಗೆದು ನೋಡಿಬಿಡಿ. ಆ ಷೆವರ್ಲೆಯಲ್ಲಿ ನಾವು ಅದನ್ನೇ ಮಾಡಿದೆವು. ಪುಶ್ ರಾಡ್ ಕೂರುವ ಬಟ್ಟಲು ಬೇರೆ ತುಂಡಾಗಿದ್ದು, ಮೇಲೆ ತಂತಿಯ ಕ್ಲಿಪ್ ಇದ್ದು, ಪಕ್ಕದಲ್ಲಿ ಆಯಿಲ್ ತೂತು ಇದ್ದರೆ ಹೈಡ್ರಾಲಿಕ್ ಇರುವ ಸಾಧ್ಯತೆ ಜಾಸ್ತಿ. ಆದರೆ ಕ್ಲಿಪ್ ಒಂದನ್ನೇ ನಂಬಬೇಡಿ. ಕೆಲವು ಸಾಲಿಡ್ ಲಿಫ್ಟರ್‌ಗೂ ಕ್ಲಿಪ್ ಇರುತ್ತದೆ. ಬಟ್ಟಲನ್ನು ಒತ್ತಿದಾಗ ಸ್ಪ್ರಿಂಗ್ ಕೊಡುತ್ತದಾ ಅನ್ನುವುದೇ ಕೊನೆಯ ಮಾತು.

ಪುಶ್ ರಾಡ್ ಇಲ್ಲದ ಎಂಜಿನ್‌ಗಳಲ್ಲಿ ಈ ಆಯಿಲ್ ಏರ್ಪಾಡು ಬೇರೆ ಜಾಗದಲ್ಲಿ ಇರಬಹುದು. ಕೆಲವಕ್ಕೆ ರಾಕರ್ ತುದಿಯಲ್ಲಿ, ಕೆಲವಕ್ಕೆ ಕ್ಯಾಮ್ ಕೆಳಗಿನ ಬಕೆಟ್ ಆಕಾರದ ಟ್ಯಾಪೆಟ್ ಒಳಗೆ. ಬಕೆಟ್ ಮೇಲೆ ಬಿಡಿಯಾದ ಶಿಮ್ (ಸಂದಿ ಸರಿಮಾಡುವ ತೆಳು ಬಿಲ್ಲೆ) ಇದ್ದರೆ ಗ್ಯಾಪ್ ಬೇಕು ಅಂತಲೇ ಅರ್ಥ. ಮರ್ಸಿಡಿಸ್ 240ಡಿ ಡೀಸೆಲ್‌ಗೆ ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.10, ಎಕ್ಸಾಸ್ಟ್ 0.30 ಮಿ.ಮೀ. ಇಡಬೇಕು. ಅದರ ನಂತರ ಬಂದ ಡಬ್ಲ್ಯು124 ಡೀಸೆಲ್‌ಗಳಲ್ಲಿ ಸೆಟ್ ಮಾಡಲು ಏನೂ ಇಲ್ಲ, ಎಲ್ಲ ಹೈಡ್ರಾಲಿಕ್. ಎರಡೂ ಅದೇ ಕಂಪನಿಯವೇ ಅಲ್ವಾ!

ಸದ್ದನ್ನು ಕೇಳಿ ಹೇಳುವವರಿದ್ದಾರೆ. ಅದು ಸುಳಿವು ಅಷ್ಟೇ. ಸರಿಯಾಗಿ ಸೆಟ್ ಮಾಡಿದ ಸಾಲಿಡ್ ಲಿಫ್ಟರ್ ಯಾವಾಗಲೂ ಹೊಲಿಗೆ ಮಷೀನ್ ಥರ ಸಣ್ಣಗೆ ಸದ್ದು ಮಾಡುತ್ತಿರುತ್ತದೆ. ಹೈಡ್ರಾಲಿಕ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಕಟಕಟ ಅಂದು ಸುಮ್ಮನಾಗುತ್ತದೆ. ಆದರೆ ಆಯಿಲ್ ಕಡಿಮೆಯಾದ, ಕೊಳಕಾದ ಹೈಡ್ರಾಲಿಕ್ ಎಂಜಿನ್ ಕೂಡ ಇಡೀ ದಿನ ಟಿಕ್ ಟಿಕ್ ಅನ್ನುತ್ತದೆ.

ತಪ್ಪಾಗಿ ಗುರುತಿಸಿದರೆ ಆಗುವ ನಷ್ಟ ಎರಡೂ ಕಡೆ ಒಂದೇ ಅಲ್ಲ. ಹೈಡ್ರಾಲಿಕ್‌ಗೆ ಗ್ಯಾಪ್ ಇಟ್ಟರೆ ಪ್ಲಂಜರ್ ಮೇಲೆ ಬಂದು ಕ್ಲಿಪ್‌ಗೆ ಬಡಿಯುತ್ತದೆ, ಸದ್ದು ಬರುತ್ತದೆ, ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಸದ್ದು ಬರುವುದರಿಂದ ಬೇಗ ಗೊತ್ತಾಗುತ್ತದೆ. ಸಾಲಿಡನ್ನು ಹೈಡ್ರಾಲಿಕ್ ಅಂದುಕೊಂಡು ಸ್ಕ್ರೂ ಒಳಗೆ ತಿರುಗಿಸಿದರೆ ಎಂಜಿನ್ ನಿಶ್ಶಬ್ದವಾಗುತ್ತದೆ. ಗಿರಾಕಿ ಖುಷಿಯಾಗಿ ಹೋಗುತ್ತಾರೆ. ಒಳಗೆ ವಾಲ್ವ್ ಸೀಟ್ ಮೇಲೆ ಪೂರ್ತಿ ಕೂರುವುದಿಲ್ಲ, ಬಿಸಿ ಹೊರಗೆ ಹೋಗುವ ದಾರಿ ಇಲ್ಲ. ಮೊದಲು ಸುಡುವುದು ಎಕ್ಸಾಸ್ಟ್ ವಾಲ್ವ್. ನನಗೆ ಹೆಚ್ಚು ಭಯ ಈ ಎರಡನೆಯದರದ್ದೇ. ಎಲ್‌ಪಿಜಿ ಹಾಕಿದ ಹಳೇ ಅಂಬಾಸಿಡರ್‌ಗಳಲ್ಲಿ ಸೀಟ್ ಬೇಗ ಸವೆದು ಗ್ಯಾಪ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲೂ ಸದ್ದು ಕಡಿಮೆಯಾಯಿತು ಅಂತ ಖುಷಿಪಡದೆ ಗೇಜ್ ಹಾಕಿ ನೋಡಬೇಕು.

ಷೆವರ್ಲೆಯ ಲಿಫ್ಟರ್‌ಗಳನ್ನು ಬಿಚ್ಚಿ ತೊಳೆದೆವು. ಪ್ರತಿ ಪ್ಲಂಜರನ್ನೂ ಅದರದೇ ಬಾಡಿಗೆ, ಪ್ರತಿ ಲಿಫ್ಟರನ್ನೂ ಅದರದೇ ಜಾಗಕ್ಕೆ ವಾಪಸ್ ಹಾಕಿದೆವು. ರಟ್ಟಿನ ಡಬ್ಬಕ್ಕೆ ನಂಬರ್ ಬರೆದು ಇಟ್ಟುಕೊಂಡಿದ್ದರಿಂದ ಗೊಂದಲವಾಗಲಿಲ್ಲ. ಲಿಫ್ಟರ್‌ನ ತಳ ತನ್ನ ಕ್ಯಾಮ್‌ಗೆ ಹೊಂದಿ ಸವೆದಿರುತ್ತದೆ, ಅದಲು ಬದಲಾದರೆ ಎರಡೂ ಹಾಳು. ಜೆ.ಸಿ. ರೋಡಿನಲ್ಲಿ ಬೇರೆ ಸೆಟ್ ಕೊಳ್ಳುವವರೂ ಕ್ಯಾಮ್ ಯಾವ ಥರದ್ದು ಅಂತ ಮೊದಲು ನೋಡಿಕೊಳ್ಳಿ. ಸಾಲಿಡ್ ಕ್ಯಾಮ್‌ನ ಏರು ಇಳಿತವೇ ಬೇರೆ, ಅದರ ಮೇಲೆ ಹೈಡ್ರಾಲಿಕ್ ಲಿಫ್ಟರ್ ಹಾಕಬಾರದು.

ಹೈಡ್ರಾಲಿಕ್ ಲಿಫ್ಟರ್ ಜೋಡಿಸುವಾಗ ಪುಶ್ ರಾಡನ್ನು ಬೆರಳಲ್ಲಿ ಉರುಳಿಸುತ್ತಾ ಸ್ಕ್ರೂ ತಿರುಗಿಸಿ. ಆಟ ಹೋದ ಜಾಗವೇ ಸೊನ್ನೆ. ಅಲ್ಲಿಂದ ಎಷ್ಟು ಸುತ್ತು ಒಳಗೆ ಅನ್ನುವುದನ್ನು ಆ ಎಂಜಿನ್‌ನ ಮ್ಯಾನ್ಯುಯಲ್ ನೋಡಿಯೇ ಮಾಡಿ. ಮೊದಲ ಸ್ಟಾರ್ಟ್‌ನಲ್ಲಿ ಸದ್ದು ಬಂದೇ ಬರುತ್ತದೆ. ಆಯಿಲ್ ತುಂಬಿಕೊಳ್ಳಲಿ ಬಿಡಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಆಯಿಲ್ ಪ್ರೆಶರ್ ನೋಡಿ, ಆಮೇಲೆ ನಟ್ ಮುಟ್ಟಿ.